ಇಂಕಾ-ಸಿ ಮಾಡೆಲ್: ಹಲವು ವರ್ಷ ಬಳಸಿದ ಮೇಲೆ ನನ್ನ ಅನಿಸಿಕೆ

ಮಣ್ಣಿನ ಕಾರ್ಬನ್ ಹೊಳೆಗೆ ಹೇಗೆ ಇಳಿಯುತ್ತದೆ ಎಂದು ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್ ಇದು. ಹೊಳೆಯ ಸಾರಜನಕದ ಲೆಕ್ಕಕ್ಕೆ 1998ರಲ್ಲಿ ಬಂದ ಇಂಕಾ ಮಾಡೆಲ್‌ನ ಕುಟುಂಬಕ್ಕೆ ಸೇರಿದ್ದು. ಕಾರ್ಬನ್ ರೂಪವನ್ನು 2007ರಲ್ಲಿ ಮಾರ್ಟಿನ್ ಫಟರ್ ಮತ್ತು ಸಂಗಡಿಗರು ಪ್ರಕಟಿಸಿದರು. ಕಾಡು, ಜೌಗು ಇರುವ ಸಣ್ಣ ಜಲಾನಯನ ಅಂದರೆ ಈಗಲೂ ನಾನು ಮೊದಲು ತೆರೆಯುವುದು ಇದನ್ನೇ.

ಕಾರಣ ಇಷ್ಟೇ: ನೀರು ಯಾವ ದಾರಿಯಲ್ಲಿ ಬಂತು ಎಂದು ಕೇಳದೆ ಇದು ಕಾರ್ಬನ್ ಲೆಕ್ಕ ಕೊಡುವುದಿಲ್ಲ. ಮೇಲೆ ಎಲೆಗೊಬ್ಬರದ ಪದರ, ಕೆಳಗೆ ಖನಿಜ ಮಣ್ಣು, ಜೊತೆಗೆ ನೇರ ಹರಿದುಹೋಗುವ ನೀರು. ಮಳೆ ಇಲ್ಲದಾಗ ಹೊಳೆಗೆ ಬರುವುದು ಆಳದ ನೀರು. ಅಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಇರುವ ಮಣ್ಣು ಕರಗಿದ ಕಾರ್ಬನ್ನನ್ನು ಹಿಡಿದುಕೊಳ್ಳುತ್ತದೆ. ಹಾಗಾಗಿ ನೀರು ತಿಳಿ. ಜೋರು ಮಳೆಗೆ ಮಣ್ಣಿನೊಳಗಿನ ನೀರಿನ ಮಟ್ಟ ಮೇಲಿನ ಪದರ ಮುಟ್ಟಿತೋ, ಹೊಳೆ ಕಷಾಯದ ಬಣ್ಣಕ್ಕೆ ತಿರುಗುತ್ತದೆ. ಜೌಗಿನಲ್ಲಿ ಇದು ಉಲ್ಟಾ. ಸ್ವೀಡನ್‌ನ ಕ್ರಿಕ್ಲಾನ್ ಜಲಾನಯನದಲ್ಲಿ ಹಿಮ ಕರಗುವಾಗ ಕಾಡಿನ ತೊರೆಗಳಲ್ಲಿ ಕಾರ್ಬನ್ ಏರುತ್ತದೆ, ಜೌಗಿನ ತೊರೆಗಳಲ್ಲಿ ತೆಳುವಾಗುತ್ತದೆ. ಎರಡೂ ಬಗೆಯ ನೆಲವನ್ನು ಒಂದೇ ಮಾಡೆಲ್‌ನಲ್ಲಿ ಬೇರೆ ಬೇರೆಯಾಗಿ ಇಡಬಹುದು ಅನ್ನುವುದು ನನಗೆ ತುಂಬ ಹಿಡಿಸಿದ ವಿಷಯ.

ಇನ್ನೊಂದು ಮೆಚ್ಚುಗೆ, ಸಲ್ಫೇಟ್‌ನದು. ಯುರೋಪ್, ಉತ್ತರ ಅಮೆರಿಕದ ಎಷ್ಟೋ ಕೆರೆ-ತೊರೆಗಳಲ್ಲಿ 1990ರಿಂದ ಕರಗಿದ ಕಾರ್ಬನ್ ಏರುತ್ತಾ ಬಂತು. ಆಮ್ಲ ಮಳೆಯಲ್ಲಿ ಬೀಳುವ ಸಲ್ಫೇಟ್ ಕಡಿಮೆಯಾಗಿ ಮಣ್ಣಿನ ಕಾರ್ಬನ್ ಹೆಚ್ಚು ಕರಗತೊಡಗಿದ್ದೇ ಇದಕ್ಕೆ ದೊಡ್ಡ ಕಾರಣ ಎಂದು 2007ರಲ್ಲಿ ಡಾನ್ ಮಾಂಟೀತ್ ಮತ್ತು ಸಂಗಡಿಗರು ತೋರಿಸಿದರು. ಇಂಕಾ-ಸಿಯಲ್ಲಿ ಆ ಪರಿಣಾಮವನ್ನೂ ಸೇರಿಸಬಹುದು. ತಾಪಮಾನ ಒಂದನ್ನೇ ನಂಬಿದ ಮಾಡೆಲ್ ಇಂಥ ಕಡೆ ದಾರಿ ತಪ್ಪುತ್ತದೆ.

ಈಗ ತೊಡಕುಗಳು. ಮಣ್ಣಿನ ತೇವದ ಕೊರತೆ, ನಿಜವಾಗಿ ಹರಿಯಲು ಸಿಗುವ ಮಳೆ, ಇವನ್ನು ಇದು ತಾನೇ ಲೆಕ್ಕ ಹಾಕುವುದಿಲ್ಲ. ಮೊದಲು ಪರ್ಸಿಸ್ಟ್ ಅಥವಾ ಎಚ್‌ಬಿವಿಯಂಥ, ಮಳೆಯಿಂದ ಹರಿವಿನ ಲೆಕ್ಕ ಹಾಕುವ ಮಾಡೆಲ್ ಓಡಿಸಬೇಕು. ಅಲ್ಲಿ ತಪ್ಪಾದರೆ ಇಲ್ಲಿ ಎಷ್ಟು ತಿದ್ದಿದರೂ ಪ್ರಯೋಜನ ಇಲ್ಲ. ಪ್ಯಾರಾಮೀಟರ್‌ಗಳೂ (ನಾವೇ ಹೊಂದಿಸಬೇಕಾದ ಸಂಖ್ಯೆಗಳು) ಜಾಸ್ತಿ. ಬೇರೆ ಬೇರೆ ಜೋಡಣೆಗಳು ಹೆಚ್ಚುಕಡಿಮೆ ಒಂದೇ ಗೆರೆ ಕೊಡುತ್ತವೆ. ಅದಕ್ಕೇ ನಾನು ಒಂದೇ ಉತ್ತರ ಯಾರಿಗೂ ಕೊಡುವುದಿಲ್ಲ, ಒಳ್ಳೆಯ ಓಟಗಳ ಗುಂಪನ್ನೇ ಕೊಡುತ್ತೇನೆ.

ಅಂಕಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ತುಂಬ ಜನ ವರ್ಷಕ್ಕೆ ಎಷ್ಟು ಟನ್ ಕಾರ್ಬನ್ ಹರಿಯಿತು ಎಂಬುದನ್ನು ಹೊಂದಿಸಿ, ನ್ಯಾಶ್-ಸಟ್‌ಕ್ಲಿಫ್ ಅಂಕ (ಮಾಡೆಲ್ ಅಳತೆಗೆ ಎಷ್ಟು ಹೊಂದಿತು ಎಂದು ಹೇಳುವುದು, 1 ಅಂದರೆ ಪೂರ್ತಿ ಹೊಂದಿಕೆ) 1ರ ಹತ್ತಿರ ಬಂತು ಎಂದು ಖುಷಿಪಡುತ್ತಾರೆ. ಆದರೆ ಟನ್ ಅಂದರೆ ಹರಿವು ಗುಣಿಸು ಲೀಟರ್‌ಗೆ ಎಷ್ಟು ಮಿಲಿಗ್ರಾಂ ಅನ್ನುವುದು. ಹರಿವು ನೂರಾರು ಪಟ್ಟು ಏರಿಳಿಯಬಹುದು, ಮಿಲಿಗ್ರಾಂ ಕೆಲವೇ ಪಟ್ಟು. ಹರಿವು ಸರಿ ಬಂದರೆ ಸಾಕು, ಟನ್ ತಾನಾಗಿಯೇ ಚೆನ್ನಾಗಿ ಕಾಣುತ್ತದೆ, ಕಾರ್ಬನ್ ಭಾಗ ಪೂರ್ತಿ ತಪ್ಪಿದ್ದರೂ! ಆದ್ದರಿಂದ ಮಿಲಿಗ್ರಾಂ ಗೆರೆಯನ್ನೇ ನೋಡಿ. ಅಲ್ಲಿ 0.4 ಬಂದರೂ ನನಗೆ ಟನ್‌ನ 0.9ಕ್ಕಿಂತ ಅದೇ ಮೇಲು.

ದೊಡ್ಡ ನದಿಗಳಿಗೆ ಇದನ್ನು ಬಳಸಬೇಡಿ. ಇದರ ಒತ್ತು ಕರಗಿದ ಕಾರ್ಬನ್ ಮೇಲೆ. ಮಣ್ಣು, ಎಲೆಚೂರಿನ ಜೊತೆ ಕೊಚ್ಚಿಬರುವುದಕ್ಕೆ ಬೇರೆ ಮಾಡೆಲ್ ಬೇಕು. ಪ್ರಪಂಚದಲ್ಲಿ ನೆಲದಿಂದ ಒಳನಾಡಿನ ನೀರಿಗೆ ವರ್ಷಕ್ಕೆ ಸುಮಾರು 190 ಕೋಟಿ ಟನ್ ಕಾರ್ಬನ್ ಬರುತ್ತದೆ, ಸಮುದ್ರ ಸೇರುವುದು ಸುಮಾರು 90 ಕೋಟಿ ಟನ್ ಎಂದು 2007ರಲ್ಲಿ ಜೊನಾಥನ್ ಕೋಲ್ ಮತ್ತು ಸಂಗಡಿಗರು ಅಂದಾಜು ಮಾಡಿದ್ದರು. ಉಳಿದದ್ದರಲ್ಲಿ ಹೆಚ್ಚಿನದು ಗಾಳಿಗೆ, ಸ್ವಲ್ಪ ಕೆಸರಿಗೆ. ಅಷ್ಟು ದೊಡ್ಡ ಲೆಕ್ಕಕ್ಕೆ ಆರ್ಕಿಲೀಕ್ ಎಂಬ ಮಾಡೆಲ್ ಇದೆ. ಅಮೆಜಾನ್‌ನ ಪ್ರವಾಹ ಬಯಲು, ನೀರಿನಿಂದ ಮೇಲೇಳುವ ಇಂಗಾಲದ ಡೈಆಕ್ಸೈಡ್, ಎಲ್ಲವೂ ಅದರಲ್ಲಿ ಸೇರಿದೆ.

ಶುರು ಮಾಡುವ ಮುಂಚೆ ನಿಮ್ಮ ಡೇಟಾ ಒಮ್ಮೆ ನೋಡಿ. ವಾರಕ್ಕೊಂದು ಮಾದರಿ ಮಾತ್ರ ಇದ್ದರೆ ಹೊಳೆ ಏರಿದ ಹೊತ್ತು ಅದರಲ್ಲಿ ಇರುವುದೇ ಕಡಿಮೆ, ಆದರೆ ಕಾರ್ಬನ್ ಹೆಚ್ಚಾಗಿ ಹರಿಯುವುದು ಆಗಲೇ. ಕೈಯಲ್ಲಿ ಹಣ ಇದ್ದರೆ ಮೊದಲು ನೀರಿನಲ್ಲೇ ಕೂರುವ ಒಂದು ಫ್ಲೋರೆಸೆನ್ಸ್ ಸೆನ್ಸರ್ (ಬೆಳಕು ಬಿಟ್ಟು, ಮರಳಿ ಬರುವ ಹೊಳಪಿನಿಂದ ಕರಗಿದ ಕಾರ್ಬನ್ ಅಂದಾಜಿಸುವುದು) ಹಾಕಿಸಿ. ಲ್ಯಾಬ್ ಮಾದರಿಗಳ ಜೊತೆ ಅದನ್ನು ತಾಳೆ ನೋಡಿ. ಮಾಡೆಲ್ ಆಮೇಲೆ.