ಹೊಟ್ಟೆಯ ಕ್ಯಾನ್ಸರ್: ‘ಜೀನ್ ರಿಸ್ಕ್ ರಿಪೋರ್ಟ್’ಗೆ ಬಯಾಪ್ಸಿ ಬ್ಲಾಕ್ ಕೊಡುವ ಮೊದಲು ಇದನ್ನು ಓದಿ

ಮುಂಬಯಿ, ಠಾಣೆ, ಡೊಂಬಿವಲಿ ಕಡೆಯ ನಮ್ಮವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಯಾರಿಗಾದರೂ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾದ ವಾರದಲ್ಲೇ, ‘ಗಡ್ಡೆಯ ಜೀನ್ ಎಕ್ಸ್‌ಪ್ರೆಶನ್ ಟೆಸ್ಟ್ ಮಾಡಿಸಿ, ಕಾಯಿಲೆ ಮುಂದೆ ಹೇಗೆ ಹೋಗುತ್ತದೆ ಅಂತ ಈಗಲೇ ತಿಳಿಯುತ್ತದೆ’ ಎಂದು ಯಾರಾದರೂ ಬಂದರೆ, ಚಿಕಿತ್ಸೆ ಕೊಡುವ ಡಾಕ್ಟರು ತಾವೇ ಚೀಟಿಯಲ್ಲಿ ಬರೆದುಕೊಡುವ ತನಕ ಹಣವನ್ನೂ ಕೊಡಬೇಡಿ, ಬಯಾಪ್ಸಿ ಬ್ಲಾಕನ್ನೂ (ಗಡ್ಡೆಯಿಂದ ತೆಗೆದ ಚೂರುಗಳನ್ನು ಕೂರಿಸಿದ ಮೇಣದ ತುಂಡು) ಕೊಡಬೇಡಿ. ಹಣ ಹೋದರೆ ಹೇಗಾದರೂ ಮತ್ತೆ ದುಡಿಯಬಹುದು. ಬ್ಲಾಕ್ ಹೋದರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆಯಲ್ಲೇ ಕಂಡಿದ್ದೇವೆ.

ನನ್ನ ಭಾವ ಕುಂದಾಪುರ ಕಡೆಯವರು. ಚಿಕ್ಕ ಪ್ರಾಯದಲ್ಲೇ ಮುಂಬಯಿಗೆ ಬಂದು ಹೋಟೆಲುಗಳಲ್ಲಿ ದುಡಿದು, ಈಗ ಡೊಂಬಿವಲಿಯಲ್ಲಿ ಸಣ್ಣದೊಂದು ಕ್ಯಾಟರಿಂಗ್ ನಡೆಸುತ್ತಾರೆ. ಹೊಟ್ಟೆಯುರಿಗೆ ಗ್ಯಾಸ್ ಮಾತ್ರೆ ನುಂಗುತ್ತಲೇ ತಿಂಗಳುಗಳು ಕಳೆದವು. ತೂಕ ಇಳಿಯಿತು, ಮಲ ಕಪ್ಪಗಾಯಿತು. ಎಂಡೋಸ್ಕೋಪಿಯಲ್ಲಿ ಹುಣ್ಣು ಕಾಣಿಸಿತು, ಬಯಾಪ್ಸಿಯಲ್ಲಿ ಅಡಿನೋಕಾರ್ಸಿನೋಮಾ, ಅಂದರೆ ಹೊಟ್ಟೆಯ ಒಳಪೊರೆಯ ಗ್ರಂಥಿ ಕೋಶಗಳ ಕ್ಯಾನ್ಸರ್, ಎಂದು ಬಂತು. ಸ್ಕ್ಯಾನ್ ನೋಡಿದ ಡಾಕ್ಟರು ಹೇಳಿದ್ದು ಇಷ್ಟು: ಪಕ್ಕದ ಲಿಂಫ್ ಗಂಟುಗಳು ದೊಡ್ಡದಾಗಿವೆ, ಆದರೆ ಬೇರೆ ಅಂಗಗಳಿಗೆ ಹರಡಿದ ಗುರುತಿಲ್ಲ. ಮೊದಲು ನಾಲ್ಕು ಸಲ ಕೀಮೋ, ಆಮೇಲೆ ಆಪರೇಷನ್, ಮತ್ತೆ ನಾಲ್ಕು ಸಲ ಕೀಮೋ. ಗುಣಪಡಿಸುವ ಉದ್ದೇಶದಿಂದಲೇ ಮಾಡುತ್ತೇವೆ ಎಂದರು. ಇದು ಫ್ಲಾಟ್ (FLOT) ಎಂದು ಕರೆಯುವ, ನಾಲ್ಕು ಔಷಧಿಗಳನ್ನು ಸೇರಿಸಿ ಕೊಡುವ ಕ್ರಮ. ಜರ್ಮನಿಯಲ್ಲಿ 716 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಳೆಯ ಕೀಮೋ ಪಡೆದವರಲ್ಲಿ ಅರ್ಧದಷ್ಟು ಜನ ಬದುಕಿ ದಾಟಿದ ಅವಧಿ 35 ತಿಂಗಳು, ಫ್ಲಾಟ್ ಪಡೆದವರದ್ದು 50 ತಿಂಗಳು. ಅಂದರೆ ಭಾವನ ಮುಂದೆ ಒಳ್ಳೆಯ ದಾರಿಯೇ ಇತ್ತು.

ಕೀಮೋ ಶುರುವಾಗುವ ಮೊದಲು ಒಂದು ಲ್ಯಾಬಿನ ‘ಕೌನ್ಸೆಲರ್’ ಅಕ್ಕನಿಗೆ ಫೋನ್ ಮಾಡಿದ. ನಂಬರು ಹೇಗೆ ಸಿಕ್ಕಿತೋ ಇವತ್ತಿಗೂ ಗೊತ್ತಿಲ್ಲ. ಗಡ್ಡೆಯ ಜೀನ್‌ಗಳು ಎಷ್ಟು ಜೋರಾಗಿ ಕೆಲಸ ಮಾಡುತ್ತಿವೆ ಎಂದು ಅಳೆದು ರಿಸ್ಕ್ ಸ್ಕೋರ್ ಕೊಡುತ್ತೇವೆ, ಅದನ್ನು ನೋಡದೆ ಕೀಮೋ ಕೊಡಿಸಿದರೆ ಕತ್ತಲಲ್ಲಿ ನಡೆದ ಹಾಗೆ, ವಿದೇಶದಲ್ಲಿ ಎಲ್ಲರೂ ಮೊದಲು ಇದನ್ನೇ ಮಾಡಿಸುವುದು ಎಂದೆಲ್ಲ ಹೇಳಿದ. ಎಪ್ಪತ್ತು ಸಾವಿರದ ಹತ್ತಿರ ಹೋಯಿತು. ಅಕ್ಕನದು ಇದರಲ್ಲಿ ಏನೂ ತಪ್ಪಿಲ್ಲ. ಗಂಡನನ್ನು ಉಳಿಸಿಕೊಳ್ಳಲು ಯಾರು ಏನು ಹೇಳಿದರೂ ಕೇಳುವ ಹೊತ್ತು ಅದು, ಅದನ್ನು ತಿಳಿದೇ ಅವರು ಆ ಹೊತ್ತಿಗೆ ಬರುತ್ತಾರೆ. ಆಸ್ಪತ್ರೆಯಿಂದ ಬ್ಲಾಕ್ ಬಿಡಿಸಿಕೊಳ್ಳಲು ಯಾವ ಅರ್ಜಿ ಬೇಕು ಎಂಬುದನ್ನೂ ಅವನೇ ವಾಟ್ಸಾಪಿನಲ್ಲಿ ಕಳಿಸಿದ್ದ.

ನಾನು ಇದೇ ಊರಿನ ಒಂದು ಪ್ಯಾಥಾಲಜಿ ಲ್ಯಾಬಿನಲ್ಲಿ ಬ್ಲಾಕ್ ಕತ್ತರಿಸುವ ಕೆಲಸದವನು. ವಿಷಯ ನನ್ನ ಕಿವಿಗೆ ಬೀಳುವಾಗ ಬ್ಲಾಕ್ ಕೊರಿಯರ್ ಹತ್ತಿಯಾಗಿತ್ತು. ಬ್ಲಾಕ್ ಎಂದರೆ ಏನೆಂದು ನೋಡದವರಿಗೆ ಹೇಳುತ್ತೇನೆ. ಎಂಡೋಸ್ಕೋಪಿಯಲ್ಲಿ ಚಿಮಟದಿಂದ ತೆಗೆಯುವ ಚೂರುಗಳು ಎರಡು ಮೂರು ಮಿಲಿಮೀಟರಿನವು. ಆರರಿಂದ ಎಂಟು ಚೂರು ತೆಗೆಯಬೇಕು ಎನ್ನುತ್ತಾರೆ, ಎಷ್ಟೋ ಕಡೆ ಅಷ್ಟು ತೆಗೆಯುವುದಿಲ್ಲ. ಅವನ್ನು ಫಾರ್ಮಲಿನ್‌ನಲ್ಲಿಟ್ಟು ಮೇಣದಲ್ಲಿ ಕೂರಿಸಿದರೆ ಬ್ಲಾಕ್. ಅದರಿಂದ ಸ್ಲೈಡಿಗೆ ನಾವು ತೆಗೆಯುವ ಪದರ ನಾಲ್ಕು ಮೈಕ್ರಾನ್ ದಪ್ಪ, ಹೀಗೆ ಜತನವಾಗಿ ತೆಗೆದರೆ ಹಲವು ಪರೀಕ್ಷೆಗಳಿಗೆ ಸಾಕಾಗುತ್ತದೆ. ಆ ಜೀನ್ ಟೆಸ್ಟಿನಲ್ಲಿ ಅಳೆಯುವುದು ಆರ್‌ಎನ್‌ಎ, ಅಂದರೆ ಕೆಲಸ ಮಾಡುತ್ತಿರುವ ಜೀನಿನಿಂದ ತಯಾರಾಗುವ ನಕಲು. ಅದು ಬೇಕೆಂದರೆ ಹಾಗಲ್ಲ. ಹತ್ತು ಮೈಕ್ರಾನಿನ ಸುರುಳಿಗಳನ್ನು ಒಂದರ ಮೇಲೊಂದು ತೆಗೆದು ಟ್ಯೂಬಿಗೆ ಹಾಕುತ್ತಾರೆ. ಫಾರ್ಮಲಿನ್‌ನಲ್ಲಿದ್ದ ಆರ್‌ಎನ್‌ಎ ತುಂಡು ತುಂಡಾಗಿರುತ್ತದೆ, ಸಾಲದಿದ್ದರೆ ಇನ್ನಷ್ಟು ಕತ್ತರಿಸುತ್ತಾರೆ. ಭಾವನ ಬ್ಲಾಕ್ ಹಿಂದೆ ಬಂದಾಗ ನಾನೇ ಕೈಯಲ್ಲಿ ಹಿಡಿದು ನೋಡಿದೆ. ಮೇಣ ಇತ್ತು, ಮಾಂಸದ ಚೂರು ಉಳಿದಿರಲಿಲ್ಲ.

ಅಷ್ಟರಲ್ಲಿ ಕೀಮೋ ಡಾಕ್ಟರು ಎಂಎಂಆರ್ ಮತ್ತು ಹರ್2 ಪರೀಕ್ಷೆಗೆ ಬ್ಲಾಕ್ ಕೇಳಿದರು. ಇವು ಅವರಿಗೆ ನಿಜವಾಗಿ ಬೇಕಾದ ಪರೀಕ್ಷೆಗಳು. ಡಿಎನ್‌ಎ ನಕಲಾಗುವಾಗಿನ ತಪ್ಪುಗಳನ್ನು ಸರಿಪಡಿಸುವ ಎಂಎಂಆರ್ ಪ್ರೋಟೀನುಗಳು ಇಲ್ಲದ ಗಡ್ಡೆಯಾದರೆ ಇಮ್ಯುನೋಥೆರಪಿಯ (ದೇಹದ ರಕ್ಷಣಾ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಔಷಧಿ) ಯೋಚನೆ ಮಾಡುತ್ತಾರೆ, ಚಿಕಿತ್ಸೆಯ ಲೆಕ್ಕವೇ ಬದಲಾಗಬಹುದು. ಕೋಶ ಬೆಳೆಯುವಂತೆ ಮಾಡುವ ಹರ್2 ಎಂಬ ಪ್ರೋಟೀನ್ ಹೆಚ್ಚಿದ್ದು ಕಾಯಿಲೆ ಹರಡಿದ್ದರೆ ಅದನ್ನು ತಡೆಯುವ ಟ್ರಾಸ್ಟುಝುಮಾಬ್ ಔಷಧಿ ಸೇರಿಸುತ್ತಾರೆ, ಅದರಿಂದ ಪ್ರಯೋಜನವಿದೆ ಎಂದು 2010ರಲ್ಲೇ ತೋರಿಸಿಯಾಗಿದೆ. ಪಿಡಿ-ಎಲ್1, ಕ್ಲಾಡಿನ್ 18.2 ಎಂಬ ಪ್ರೋಟೀನುಗಳ ಪರೀಕ್ಷೆ ಕೂಡ ಹಾಗೆಯೇ, ಒಂದೊಂದರ ಹಿಂದೆಯೂ ಒಂದು ಔಷಧಿ ಇದೆ. ಇವೆಲ್ಲಕ್ಕೂ ಬೇಕಾದದ್ದು ಅದೇ ಬ್ಲಾಕು. ಬ್ಲಾಕಿನಲ್ಲಿ ಏನೂ ಇಲ್ಲದ ಕಾರಣ ಭಾವನಿಗೆ ಮತ್ತೊಮ್ಮೆ ಎಂಡೋಸ್ಕೋಪಿ ಮಾಡಿ ಚೂರು ತೆಗೆಯಬೇಕಾಯಿತು. ರಕ್ತ ಕಡಿಮೆಯಿತ್ತು, ಮೊದಲು ರಕ್ತ ಏರಿಸಿದರು. ಕೀಮೋ ಮುಂದೆ ಹೋಯಿತು.

ಇದಕ್ಕಿಂತ ಕೆಟ್ಟದ್ದು ಆ ರಿಪೋರ್ಟು ಮಾಡಿದ್ದು. ದಪ್ಪ ಕಾಗದ, ಬಣ್ಣದ ಪಟ್ಟಿ, ಕೆಂಪು ಜಾಗದಲ್ಲಿ ಬಾಣದ ಗುರುತು, ಕೆಳಗೆ ಇಳಿಯುತ್ತಾ ಹೋಗುವ ಗೆರೆ, ‘ಹೈ ರಿಸ್ಕ್’ ಎಂಬ ದೊಡ್ಡ ಅಕ್ಷರ. ಭಾವ ಅದನ್ನು ಎರಡು ಸಲ ತಿರುವಿ ನೋಡಿದರು. ‘ಇನ್ನ್ ಎಂತಕ್ಕೆ ಖರ್ಚ್ ಮಾಡೂದ್? ಇದ್ದ ದುಡ್ಡ್ ಮಕ್ಕಳ ಓದಿಗೆ ಇರ್ಲಿ’ ಎಂದವರು ಆಸ್ಪತ್ರೆಗೆ ಬರಲು ಒಪ್ಪಲೇ ಇಲ್ಲ. ಅಕ್ಕ ಎಷ್ಟು ಅತ್ತರೂ ಕೇಳಲಿಲ್ಲ. ಕೊನೆಗೆ ಡಾಕ್ಟರೇ ಕೂರಿಸಿಕೊಂಡು, ‘ನೋಡಿ, ಈ ಕಾಗದ ನನ್ನ ಚಿಕಿತ್ಸೆಯಲ್ಲಿ ಒಂದು ಅಕ್ಷರವನ್ನೂ ಬದಲಾಯಿಸುವುದಿಲ್ಲ’ ಎಂದು ಬಿಡಿಸಿ ಹೇಳಿದ ಮೇಲೆ ಒಪ್ಪಿದರು. ಅದೇ ಕಾಗದದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ‘ಸಂಶೋಧನೆಯ ಬಳಕೆಗೆ ಮಾತ್ರ’ ಎಂದು ಅಚ್ಚಾಗಿತ್ತು. ಒಬ್ಬ ಮನುಷ್ಯನ ಧೈರ್ಯವನ್ನೇ ಕಿತ್ತುಕೊಳ್ಳುವ ಕಾಗದದಲ್ಲಿ ಆ ಮಾತನ್ನು ಮೊದಲ ಪುಟದಲ್ಲಿ ಹಾಕದವರ ಮೇಲೆ ನನಗಿರುವ ಸಿಟ್ಟು ಇನ್ನೂ ಇಳಿದಿಲ್ಲ.

ವಿಜ್ಞಾನ ಸುಳ್ಳು ಎಂದು ನಾನು ಹೇಳುತ್ತಿಲ್ಲ. ದೇಹದ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಇರುವುದು ಒಂದೇ ಡಿಎನ್‌ಎ. ಯಾವ ಜೀನಿನಿಂದ ಎಷ್ಟು ಆರ್‌ಎನ್‌ಎ ತಯಾರಾಗುತ್ತಿದೆ ಎಂಬುದು ಮಾತ್ರ ಕೋಶದಿಂದ ಕೋಶಕ್ಕೆ ಬೇರೆ. ಅದನ್ನು ಅಳೆದು ಹೊಟ್ಟೆಯ ಕ್ಯಾನ್ಸರಿನ ಬಗ್ಗೆ ಬಹಳ ಕಲಿತಿದ್ದಾರೆ. 2014ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ತಂಡ 295 ಗಡ್ಡೆಗಳನ್ನು ನೋಡಿ ನಾಲ್ಕು ಬಗೆಗಳನ್ನು ಗುರುತಿಸಿದ್ದು ದೊಡ್ಡ ಕೆಲಸ. ತೊಂದರೆ ಬರುವುದು ಇಂಥ ದತ್ತಾಂಶವನ್ನು ಎತ್ತಿಕೊಂಡು ಒಂದೊಂದೇ ಜೀನ್ ಹುಡುಕುವಾಗ. ಒಂದು ಜೀನ್ ಹೆಚ್ಚಿರುವವರು ಒಂದು ಗುಂಪು, ಕಡಿಮೆಯಿರುವವರು ಇನ್ನೊಂದು. ಎರಡೂ ಗುಂಪಿನಲ್ಲಿ ಎಷ್ಟು ಜನ ಎಷ್ಟು ಕಾಲ ಬದುಕಿದರು ಎಂದು ತೋರಿಸುವ ಗೆರೆಗಳ ನಡುವೆ ಅಂತರ ಕಂಡರೆ ‘ಮುನ್ಸೂಚಕ ಬಯೋಮಾರ್ಕರ್’ (ಕಾಯಿಲೆ ಮುಂದೆ ಹೇಗೆ ಹೋಗುತ್ತದೆಂದು ಹೇಳುವ ಗುರುತು) ಎಂದು ಹೆಸರು. ಮನುಷ್ಯನಲ್ಲಿ ಪ್ರೋಟೀನ್ ಮಾಡುವ ಜೀನ್‌ಗಳು ಸುಮಾರು 20,000. ನೂರಕ್ಕೆ ಐದು ಸಲ ಆಕಸ್ಮಿಕವಾಗಿ ಬರಬಹುದಾದ ಅಂತರವನ್ನು ಒಪ್ಪಿಕೊಂಡು ಎಲ್ಲವನ್ನೂ ಪರೀಕ್ಷಿಸಿದರೆ, ಯಾವ ಸಂಬಂಧವೂ ಇಲ್ಲದಿದ್ದರೂ ಸಾವಿರದಷ್ಟು ಜೀನ್‌ಗಳು ‘ಸಂಬಂಧವಿದೆ’ ಎಂದೇ ಕಾಣುತ್ತವೆ. ಹೆಚ್ಚು ಕಡಿಮೆಯ ಗಡಿಯನ್ನು ಅಂತರ ಚೆನ್ನಾಗಿ ಕಾಣುವಲ್ಲೇ ಎಳೆದರಂತೂ ಇನ್ನೂ ಹೆಚ್ಚು. ಅದನ್ನು ಬೇರೆ ಆಸ್ಪತ್ರೆಯ ಬೇರೆ ರೋಗಿಗಳ ಮೇಲೆ ಮತ್ತೆ ನೋಡದೆ ಮಾರುವಂತಿಲ್ಲ.

ಇನ್ನೊಂದು ಮಾತು, ಇದು ನನ್ನ ಕೆಲಸದ ಅನುಭವದ್ದು. ಆ ದತ್ತಾಂಶದ ಗಡ್ಡೆಗಳು ಹೆಚ್ಚಾಗಿ ಆಪರೇಷನ್ ಮಾಡಿ ತೆಗೆದವು. ಎಂಡೋಸ್ಕೋಪಿಯ ಚೂರಿನಲ್ಲಿ ಅರ್ಧ ಆರೋಗ್ಯವಂತ ಒಳಪೊರೆ, ಉರಿಯೂತದ ಕೋಶಗಳು, ನಾರಿನಂಶ. ಎಲ್ಲವನ್ನೂ ಅರೆದು ಒಂದೇ ಟ್ಯೂಬಿಗೆ ಹಾಕಿದರೆ ಬಂದ ಅಂಕಿ ಕ್ಯಾನ್ಸರ್ ಕೋಶದ್ದೋ ಪಕ್ಕದ ಕೋಶದ್ದೋ ಹೇಗೆ ತಿಳಿಯುವುದು? ಭಾವನ ರಿಪೋರ್ಟಿನಲ್ಲಿ ಚೂರಿನಲ್ಲಿ ಗಡ್ಡೆಯ ಪಾಲು ಶೇಕಡಾ ಎಷ್ಟಿತ್ತು ಎಂಬುದನ್ನು ಬರೆದೇ ಇರಲಿಲ್ಲ.

ಆ ಕೌನ್ಸೆಲರ್ ಉದಾಹರಣೆ ಕೊಟ್ಟದ್ದು ಸ್ತನ ಕ್ಯಾನ್ಸರಿನದ್ದು. ಅಲ್ಲಿ 21 ಜೀನ್‌ಗಳ ಪರೀಕ್ಷೆ ಇರುವುದು ನಿಜ. ಆದರೆ ಕೀಮೋ ಬಿಡಬಹುದೇ ಎಂದು ತಿಳಿಯಲು ಹತ್ತು ಸಾವಿರಕ್ಕೂ ಹೆಚ್ಚು ಮಹಿಳೆಯರನ್ನು ವರ್ಷಗಟ್ಟಲೆ ನೋಡಿ, 2018ರಲ್ಲಿ ಫಲಿತಾಂಶ ಹೇಳಿದರು. ಹೊಟ್ಟೆಯ ಕ್ಯಾನ್ಸರಿಗೂ ಕೊರಿಯಾದ ಸಂಶೋಧಕರು ಅದೇ ವರ್ಷ ನಾಲ್ಕು ಜೀನ್‌ಗಳ ಪರೀಕ್ಷೆಯೊಂದನ್ನು ಪ್ರಕಟಿಸಿದ್ದಾರೆ. ಅದು ಆಪರೇಷನ್ ಆದವರ ಗಡ್ಡೆಯ ಮೇಲೆ, ಆಮೇಲಿನ ಕೀಮೋ ಬಗ್ಗೆ. ಭಾವನಿಗೆ ಅದು ಹೊಂದುವುದೇ ಇಲ್ಲ.

ಹಾಗಾಗಿ ಯಾರಾದರೂ ಇಂಥ ಪರೀಕ್ಷೆ ಹೇಳಿದರೆ ಡಾಕ್ಟರನ್ನು ನೇರವಾಗಿ ಕೇಳಿ: ‘ಸರ್, ಅಂಕಿ ಹೆಚ್ಚು ಬಂದರೆ ಏನು ಔಷಧಿ ಬದಲಾಯಿಸುತ್ತೀರಿ, ಕಡಿಮೆ ಬಂದರೆ ಏನು?’ ಎರಡಕ್ಕೂ ಉತ್ತರ ಒಂದೇ ಆದರೆ ಪರೀಕ್ಷೆ ಬೇಡ. ಎಂಎಂಆರ್, ಹರ್2 ಮೊದಲು ಆಗಲಿ, ಉಳಿದರೆ ಉಳಿದದ್ದಕ್ಕೆ. ಮೊದಲ ಎಂಡೋಸ್ಕೋಪಿಯ ದಿನವೇ ಸಾಕಷ್ಟು ಚೂರು ತೆಗೆಯಲು ಕೇಳಿಕೊಳ್ಳಿ. ಪರೇಲಿನ ಟಾಟಾ ಮೆಮೋರಿಯಲ್‌ನಂಥ ಕಡೆ ಹೋದರೂ ಹೊರಗಿನ ಸ್ಲೈಡು, ಬ್ಲಾಕುಗಳನ್ನು ಮತ್ತೆ ನೋಡಲು ಕೇಳುತ್ತಾರೆ, ಆಗ ಕೈ ಖಾಲಿ ಇರಬಾರದು. ಬ್ಲಾಕ್ ಎಲ್ಲಿಗೇ ಕೊಟ್ಟರೂ ಅದರ ನಂಬರು ಬರೆಸಿ ರಸೀದಿ ತೆಗೆದುಕೊಳ್ಳಿ, ‘ಪೂರ್ತಿ ಮುಗಿಸಬೇಡಿ, ಉಳಿದದ್ದನ್ನು ಹಿಂದೆ ಕೊಡಿ’ ಎಂದು ಅರ್ಜಿಯಲ್ಲೇ ಬರೆಯಿರಿ.

ಭಾವನ ಎಂಎಂಆರ್ ಸರಿಯಾಗಿದೆ, ಹರ್2 ಇಲ್ಲ. ಮೊದಲಿನ ನಾಲ್ಕು ಕೀಮೋ ಮುಗಿದಿವೆ, ಗಂಟುಗಳು ಸಣ್ಣದಾಗಿವೆ, ಆಪರೇಷನ್ನಿಗೆ ದಿನ ಕೊಟ್ಟಿದ್ದಾರೆ. ಡೊಂಬಿವಲಿ, ಕಲ್ಯಾಣ ಕಡೆಯವರು ಯಾರಿಗಾದರೂ ಬಯಾಪ್ಸಿ ರಿಪೋರ್ಟ್ ಅರ್ಥವಾಗದಿದ್ದರೆ ಇಲ್ಲಿ ಕೇಳಿ. ನನಗೆ ತಿಳಿದಷ್ಟು ಕನ್ನಡದಲ್ಲಿ ಹೇಳುತ್ತೇನೆ, ತಿಳಿಯದ್ದಕ್ಕೆ ನಮ್ಮ ಲ್ಯಾಬಿನ ಪ್ಯಾಥಾಲಜಿಸ್ಟ್ ಹತ್ತಿರ ಕೇಳಿ ಹೇಳುತ್ತೇನೆ.