ಜಾವಾ ಮಾಡ್ಯೂಲ್ ಒಳಗಿನ ಫೈಲ್ ಓದಲು ನಾಲ್ಕು ದಾರಿ: ನನ್ನ ಓಟು ಕ್ಲಾಸ್‌ಗೆ

ಹೋಲಿಕೆಗೆ ಇಟ್ಟುಕೊಂಡ ಪ್ರೋಗ್ರಾಂ ಸಣ್ಣದು: ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್‌ಗೆ ಭತ್ತದ ತೂಕದ ಚೀಟಿ ಹೊಡೆಯುವಂಥದ್ದು. ಚೀಟಿಯ ಮೇಲಿನ ಕನ್ನಡ ಪದಗಳು (ಚೀಲ, ತೂಕ, ಹಮಾಲಿ, ದಲಾಲಿ) ಒಂದು ಪ್ರಾಪರ್ಟೀಸ್ ಫೈಲ್‌ನಲ್ಲಿ, ಚೀಟಿಯ ನಮೂನೆ ಇನ್ನೊಂದು ಟೆಕ್ಸ್ಟ್ ಫೈಲ್‌ನಲ್ಲಿ. ಇವೆರಡೂ ‘ಗಿರಣಿ.ಪದ’ ಎಂಬ ಮಾಡ್ಯೂಲ್ (ಒಳಗಿನದರಲ್ಲಿ ಹೊರಗಿನವರಿಗೆ ಯಾವುದು ಸಿಗಬೇಕೆಂದು ತಾನೇ ಹೇಳುವ ಕೋಡ್ ಗಂಟು) ಒಳಗಿವೆ. ಚೀಟಿ ಹೊಡೆಯುವ ಕೋಡ್ ‘ಗಿರಣಿ.ಚೀಟಿ’ಯಲ್ಲಿ, ಎಲ್ಲರಿಗೂ ಬೇಕಾಗುವ ಚಿಲ್ಲರೆ ಕೋಡ್ ‘ಗಿರಣಿ.ಸಾಮಾನ್ಯ’ದಲ್ಲಿ.

ಓದುವ ದಾರಿ ನಾಲ್ಕು. ಕ್ಲಾಸ್ ಮೇಲಿನ ಗೆಟ್‌ರಿಸೋರ್ಸ್‌ಆಸ್‌ಸ್ಟ್ರೀಮ್ (ಫೈಲನ್ನು ಓದಲು ಸ್ಟ್ರೀಮ್, ಅಂದರೆ ಬೈಟ್‌ಗಳ ಹರಿವು, ತೆರೆದು ಕೊಡುವ ಮೆಥಡ್), ಕ್ಲಾಸ್‌ಲೋಡರ್ (ಕ್ಲಾಸ್‌ಗಳನ್ನು ಹುಡುಕಿ ತರುವ ಜಾವಾದ ಭಾಗ) ಮೇಲಿನ ಅದೇ ಹೆಸರಿನ ಮೆಥಡ್, ಮಾಡ್ಯೂಲ್ ಮೇಲಿನ ಅದೇ ಹೆಸರಿನ ಮೆಥಡ್, ಕೊನೆಗೆ ಜಾರ್‌ನ (ಪ್ರೋಗ್ರಾಂ ಪೂರ್ತಿ ಕಟ್ಟಿಟ್ಟ ಒಂದೇ ಫೈಲ್) ಹೊರಗೇ ಇಟ್ಟ ಸಾದಾ ಫೈಲ್. ಜಾವಾ 17ರಲ್ಲಿ ಒಮ್ಮೆ ಕ್ಲಾಸ್‌ಪಾತ್ (ಮಾಡ್ಯೂಲ್ ನಿಯಮ ಲೆಕ್ಕಕ್ಕಿಲ್ಲದ ಹಳೆಯ ರೀತಿ) ಮೇಲೆ, ಒಮ್ಮೆ ಮಾಡ್ಯೂಲ್‌ಪಾತ್ (ಆ ನಿಯಮ ಜಾರಿಯಲ್ಲಿರುವ ರೀತಿ) ಮೇಲೆ ಓಡಿಸಿ ನೋಡಿದ್ದು. ಮೂರು ಮೆಥಡ್‌ಗೂ ಹೆಸರು ಒಂದೇ, ಸ್ವಭಾವ ಮಾತ್ರ ಮೂರು ಥರ.

ಕ್ಲಾಸ್ ದಾರಿ ನನಗೆ ಹಿಡಿಸಿದ್ದು ಒಂದು ಸಣ್ಣ ಅನುಕೂಲಕ್ಕೆ. ಫೈಲ್ ಹೆಸರಿನ ಮುಂದೆ ಓರೆಗೆರೆ (/) ಇಲ್ಲದಿದ್ದರೆ ಜಾವಾ ಆ ಕ್ಲಾಸ್‌ನ ಪ್ಯಾಕೇಜ್‌ನಲ್ಲೇ ಹುಡುಕುತ್ತದೆ, ಇದ್ದರೆ ಬುಡದಿಂದ ಹುಡುಕುತ್ತದೆ. ಫೈಲನ್ನು ಅದನ್ನು ಓದುವ ಕ್ಲಾಸ್‌ನ ಪ್ಯಾಕೇಜ್‌ಗೇ ಸೇರಿಸಿ, ಬರೀ ಫೈಲ್ ಹೆಸರು ಕೊಟ್ಟರೆ ಮುಗಿಯಿತು. ನಾಳೆ ಪ್ಯಾಕೇಜ್ ಹೆಸರು ಬದಲಾದರೆ ಫೈಲನ್ನು ಜೊತೆಗೆ ಸಾಗಿಸಬೇಕು, ಓದುವ ಸಾಲನ್ನು ಮುಟ್ಟಬೇಕಿಲ್ಲ. ಮೇವನ್ (ಜಾರ್ ಕಟ್ಟಿಕೊಡುವ ಸಾಧನ) ಬಳಸುವವರು ರಿಸೋರ್ಸಸ್ ಫೋಲ್ಡರ್ ಒಳಗೂ ಪ್ಯಾಕೇಜ್‌ನ ಫೋಲ್ಡರ್‌ಗಳನ್ನು ಹಾಗೆಯೇ ಕಟ್ಟಬೇಕು, ಅಷ್ಟೇ.

ಈ ದಾರಿಯಲ್ಲೂ ಒಂದು ತಲೆನೋವಿದೆ, ಅದು ಸಣ್ಣದಲ್ಲ. ಸ್ಟ್ರೀಮ್ ತೆರೆ, ಯುಟಿಎಫ್-8 ಆಗಿ ಓದು, ಪ್ರಾಪರ್ಟೀಸ್‌ಗೆ ತುಂಬು, ಮುಚ್ಚು. ಇದನ್ನೇ ಹತ್ತು ಕಡೆ ಬರೆಯುವ ಬದಲು ‘ಗಿರಣಿ.ಸಾಮಾನ್ಯ’ದಲ್ಲಿ ಒಂದು ಸಹಾಯಕ ಮೆಥಡ್ ಇಡೋಣ ಅಂತ ಯಾರಿಗಾದರೂ ಅನ್ನಿಸುತ್ತದೆ: ಕ್ಲಾಸ್ ಒಂದನ್ನೂ ಫೈಲ್ ಹೆಸರನ್ನೂ ಕೊಟ್ಟರೆ ಓದಿ ಕೊಡುವಂಥದ್ದು. ಕ್ಲಾಸ್‌ಪಾತ್ ಮೇಲೆ ಇದು ಚೆನ್ನಾಗಿಯೇ ಓಡುತ್ತದೆ. ಅದೇ ಜಾರ್‌ಗಳನ್ನು ಮಾಡ್ಯೂಲ್‌ಪಾತ್‌ಗೆ ಹಾಕಿದ ಕೂಡಲೇ ಕೈಗೆ ನಲ್ (‘ಏನೂ ಇಲ್ಲ’ ಅಂತ ಅರ್ಥ) ಬರುತ್ತದೆ. ಬೇರೆ ಮಾಡ್ಯೂಲ್‌ನ ಪ್ರೈವೇಟ್ ಫೀಲ್ಡ್ ಅನ್ನು ರಿಫ್ಲೆಕ್ಷನ್‌ನಿಂದ (ಓಡುವಾಗಲೇ ಕ್ಲಾಸ್‌ನ ಒಳಗೆ ಕೈಹಾಕುವ ಸೌಲಭ್ಯ) ಮುಟ್ಟಿದರೆ ಜಾವಾ ದೊಡ್ಡ ಗಲಾಟೆ ಮಾಡುತ್ತದೆ. ಫೈಲ್ ವಿಷಯದಲ್ಲಿ ಹಾಗಲ್ಲ, ಸದ್ದಿಲ್ಲದೆ ನಲ್ ಕೊಟ್ಟು ಸುಮ್ಮನಾಗುತ್ತದೆ. ಪ್ರೋಗ್ರಾಂ ಬೀಳುವುದು ಮುಂದಿನ ಸಾಲಿನಲ್ಲಿ, ಸ್ಟ್ರೀಮ್ ರೀಡರ್ ಕಟ್ಟುವಾಗ.

ಕಾರಣ ಇಷ್ಟು: ಮಾಡ್ಯೂಲ್ ಒಳಗಿನ ಫೈಲ್ ಯಾವ ಪ್ಯಾಕೇಜ್‌ನದೋ ಆ ಪ್ಯಾಕೇಜ್‌ಗೆ ಬೀಗ ಇರುತ್ತದೆ. ಕೊಟ್ಟ ಕ್ಲಾಸ್ ‘ಗಿರಣಿ.ಪದ’ದ್ದೇ ಆಗಿದ್ದರೂ ಮೆಥಡ್ ಕರೆದವರು ‘ಗಿರಣಿ.ಸಾಮಾನ್ಯ’ದವರು. ಜಾವಾ ನೋಡುವುದು ಕರೆದವರು ಯಾರು ಎಂಬುದನ್ನು. ಇಲ್ಲಿ ಬಹಳ ಜನ ಎಡವುವುದು ಎಕ್ಸ್‌ಪೋರ್ಟ್ಸ್ ಹಾಕಿ. ಎಕ್ಸ್‌ಪೋರ್ಟ್ಸ್ ಕ್ಲಾಸ್‌ಗಳಿಗೆ ಮಾತ್ರ, ಫೈಲ್‌ನ ಬೀಗ ತೆಗೆಯುವುದು ಓಪನ್ಸ್. ಮಾಡ್ಯೂಲ್-ಇನ್ಫೋದಲ್ಲಿ (ಮಾಡ್ಯೂಲ್‌ನ ಇಂಥ ನಿಯಮ ಬರೆಯುವ ಫೈಲ್) ಆ ಪ್ಯಾಕೇಜ್‌ಗೆ ‘ಗಿರಣಿ.ಸಾಮಾನ್ಯ’ದ ಹೆಸರಿನಲ್ಲಿ ಓಪನ್ಸ್ ಬರೆದರೆ ಕೆಲಸ ಆಗುತ್ತದೆ. ನಾನು ಹಾಗೆ ಮಾಡುವುದಿಲ್ಲ. ಒಂದು ಪ್ರಾಪರ್ಟೀಸ್ ಫೈಲ್‌ಗಾಗಿ ಇಡೀ ಪ್ಯಾಕೇಜ್ ರಿಫ್ಲೆಕ್ಷನ್‌ಗೂ ತೆರೆದುಕೊಳ್ಳುತ್ತದೆ. ಬದಲಿಗೆ ಸ್ಟ್ರೀಮ್ ತೆರೆಯುವ ಒಂದೇ ಒಂದು ಸಾಲನ್ನು ‘ಗಿರಣಿ.ಪದ’ದ ಒಳಗಿನ ಕ್ಲಾಸ್‌ನಲ್ಲಿ ಬರೆದು, ತೆರೆದ ಸ್ಟ್ರೀಮನ್ನು ಸಹಾಯಕ ಮೆಥಡ್‌ಗೆ ಕೊಡಬೇಕು. ತೆರೆದದ್ದು ಮನೆಯವರೇ ಆದ್ದರಿಂದ ಬೀಗದ ಮಾತೇ ಬರುವುದಿಲ್ಲ.

ನಲ್ ಬಂದಾಗ ಹೆಸರು ತಪ್ಪೋ ಬೀಗವೋ ಅಂತ ತಿಳಿಯಲು ಎರಡು ಹೆಜ್ಜೆ. ಮೊದಲು ‘ಜಾರ್ ಟಿಎಫ್’ ಕೊಟ್ಟು ಫೈಲ್ ನಿಜಕ್ಕೂ ಒಳಗಿದೆಯೇ, ಅಕ್ಷರಗಳ ದೊಡ್ಡದು ಚಿಕ್ಕದು ಸರಿಯಿದೆಯೇ ನೋಡಿ. ವಿಂಡೋಸ್ ಫೋಲ್ಡರ್‌ನಲ್ಲಿ ಈ ವ್ಯತ್ಯಾಸ ನಡೆದುಹೋಗುತ್ತದೆ, ಜಾರ್‌ನಲ್ಲಿ ನಡೆಯುವುದಿಲ್ಲ. ಹೆಸರು ಸರಿಯಿದ್ದರೆ ಓಡಿಸುವಾಗ ಆ ಪ್ಯಾಕೇಜ್‌ಗೆ ಆ್ಯಡ್-ಓಪನ್ಸ್ (ಆ ಓಟಕ್ಕೆ ಮಾತ್ರ ಬೀಗ ತೆಗೆಯುವ ಆಯ್ಕೆ) ಕೊಟ್ಟು ನೋಡಿ. ಆಗ ಫೈಲ್ ಸಿಕ್ಕಿದರೆ ಬೀಗವೇ ಕಾರಣ. ಪತ್ತೆಯಾದ ಮೇಲೆ ಆ ಆಯ್ಕೆ ತೆಗೆದುಬಿಡಿ.

ಇನ್ನೊಂದು: ಗೆಟ್‌ಕ್ಲಾಸ್ ಅಂತ ಕೇಳಬೇಡಿ, ಕ್ಲಾಸ್‌ನ ಹೆಸರನ್ನೇ ಬರೆಯಿರಿ. ಬೇರೆ ಪ್ಯಾಕೇಜ್‌ನವರು ನಿಮ್ಮ ಕ್ಲಾಸನ್ನು ಎಕ್ಸ್‌ಟೆಂಡ್ ಮಾಡಿದರೆ ಗೆಟ್‌ಕ್ಲಾಸ್ ಮಗಳ ಮನೆಗೆ ಹೋಗಿ ಹುಡುಕುತ್ತದೆ, ಫೈಲ್ ಇರುವುದು ತವರಿನಲ್ಲಿ. ಸಿಕ್ಕ ಯುಆರ್‌ಎಲ್ ಅನ್ನು ಫೈಲ್ ಆಬ್ಜೆಕ್ಟ್ ಮಾಡುವುದೂ ಬೇಡ. ಫೋಲ್ಡರ್‌ನಿಂದ ಓಡುವಾಗ ಸರಿಯಾಗಿದ್ದದ್ದು ಜಾರ್ ಒಳಗೆ ಹೋದ ಮೇಲೆ ಕೈಕೊಡುತ್ತದೆ, ಯಾಕೆಂದರೆ ಅಲ್ಲಿ ಅದು ಡಿಸ್ಕ್ ಮೇಲಿನ ಫೈಲೇ ಅಲ್ಲ.

ಕ್ಲಾಸ್‌ಲೋಡರ್ ದಾರಿ ಹಳೆಯ ಕೋಡ್‌ನಲ್ಲಿ ತುಂಬ ಸಿಗುತ್ತದೆ. ಇಲ್ಲಿ ಮುಂದಿನ ಓರೆಗೆರೆ ಇದ್ದರೆ ನಲ್. ಬೀಗವಿರುವ ಪ್ಯಾಕೇಜ್‌ನಲ್ಲಂತೂ ಎಲ್ಲರಿಗೂ ಓಪನ್ಸ್ ಬರೆದಿದ್ದರೆ ಮಾತ್ರ ಫೈಲ್ ಸಿಗುತ್ತದೆ, ಒಬ್ಬರ ಹೆಸರಿಗೆ ಬರೆದದ್ದು ಲೆಕ್ಕಕ್ಕಿಲ್ಲ. ಫೈಲ್ ನಿಮ್ಮದೇ ಮಾಡ್ಯೂಲ್‌ನದಾದರೂ ಇದೇ ಕಥೆ. ಹೊಸ ಕೋಡ್‌ಗೆ ಬೇಡ.

ಮಾಡ್ಯೂಲ್ ದಾರಿ ಕೆಟ್ಟದ್ದಲ್ಲ. ಕ್ಲಾಸೇ ಇಲ್ಲದ, ಬರೀ ಫೈಲ್ ತುಂಬಿದ ಮಾಡ್ಯೂಲ್ ಇದ್ದರೆ ಅದೇ ಸರಿ. ಆದರೆ ಹೆಸರನ್ನು ಬುಡದಿಂದ ಪೂರ್ತಿ ಬರೆಯಬೇಕು, ಐಒಎಕ್ಸೆಪ್ಷನ್ ಹಿಡಿಯಬೇಕು, ಹೊರಗಿನಿಂದ ಓದಲು ಮತ್ತೆ ಓಪನ್ಸ್ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಈ ಮೆಥಡ್ ಬಂದದ್ದು 2017ರ ಜಾವಾ 9ರಲ್ಲಿ. ಮಿಲ್‌ನ ತೂಕದ ಕಟ್ಟೆಯಲ್ಲಿ ಕೂತ ಹಳೆ ಕಂಪ್ಯೂಟರ್‌ನಲ್ಲಿ ಜಾವಾ 8 ಇದ್ದರೆ, ಒಂದು ಚೀಟಿಗೋಸ್ಕರ ಯಾರೂ ಹೊಸ ಯಂತ್ರ ಕೊಳ್ಳುವುದಿಲ್ಲ. ಕ್ಲಾಸ್ ದಾರಿಯಾದರೆ ಕೋಡನ್ನು ರಿಲೀಸ್ 8ಕ್ಕೆ, ಮಾಡ್ಯೂಲ್-ಇನ್ಫೋ ಒಂದನ್ನು ಮಾತ್ರ ರಿಲೀಸ್ 9ಕ್ಕೆ ಕಂಪೈಲ್ ಮಾಡಿ ಒಂದೇ ಜಾರ್‌ನಲ್ಲಿ ಹಾಕಬಹುದು. ಹಳೆಯದು ಕ್ಲಾಸ್‌ಪಾತ್ ಮೇಲೆ, ಹೊಸದು ಮಾಡ್ಯೂಲ್‌ಪಾತ್ ಮೇಲೆ ಓಡುತ್ತದೆ. ಸ್ಟ್ರೀಮ್‌ನ ರೀಡ್‌ಆಲ್‌ಬೈಟ್ಸ್ ಕೂಡ 9ರದ್ದೇ, ಅದನ್ನೂ ಬಿಡಬೇಕು.

ಯಾವ ದಾರಿ ಹಿಡಿದರೂ ಫೋಲ್ಡರ್ ಹೆಸರಿನ ಮೇಲೆ ಕಣ್ಣಿರಲಿ. ಎರಡು ಮಾಡ್ಯೂಲ್‌ನಲ್ಲೂ ‘ಕಾನ್ಫಿಗ್’ ಎಂಬ ಫೋಲ್ಡರ್ ಇದ್ದು ಒಳಗೆ ಬರೀ ಫೈಲ್‌ಗಳೇ ಇದ್ದರೂ ಜಾವಾ ಅದನ್ನು ಪ್ಯಾಕೇಜ್ ಎಂದೇ ಎಣಿಸುತ್ತದೆ. ಒಂದೇ ಪ್ಯಾಕೇಜ್ ಎರಡು ಮಾಡ್ಯೂಲ್‌ನಲ್ಲಿದೆ ಅಂತ ಹೇಳಿ ಮೇನ್ ಮೆಥಡ್‌ಗೆ ಬರುವ ಮೊದಲೇ ನಿಂತುಬಿಡುತ್ತದೆ. ಹೆಸರಿನಲ್ಲಿ ಅಡ್ಡಗೆರೆ (ಹೈಫನ್) ಇದ್ದರೆ ಅದು ಪ್ಯಾಕೇಜ್ ಹೆಸರಾಗಲು ಸಾಧ್ಯವಿಲ್ಲ, ಹಾಗಾಗಿ ಜಗಳವೂ ಇಲ್ಲ, ಬೀಗವೂ ಇಲ್ಲ. ಮೆಟಾ-ಇನ್ಫ್ (ಜಾರ್‌ನ ಬಗೆಗಿನ ವಿವರ ಇಡುವ ಫೋಲ್ಡರ್) ಎಲ್ಲರಿಗೂ ತೆರೆದಿರುವುದು ಇದೇ ಕಾರಣಕ್ಕೆ.

ಕನ್ನಡ ಪದಗಳಿಗೆ ಬೇರೆಯೇ ಎಚ್ಚರ ಬೇಕು. ಪ್ರಾಪರ್ಟೀಸ್‌ನ ಲೋಡ್ ಮೆಥಡ್‌ಗೆ ಸ್ಟ್ರೀಮನ್ನೇ ಕೊಟ್ಟರೆ ಅದು ಇವತ್ತಿಗೂ ಲ್ಯಾಟಿನ್-1 (ಒಂದು ಬೈಟ್‌ಗೆ ಒಂದು ಅಕ್ಷರ ಎಣಿಸುವ, ಕನ್ನಡವಿಲ್ಲದ ಹಳೆಯ ಪದ್ಧತಿ) ಅಂತಲೇ ಓದುತ್ತದೆ. ಜಾವಾ 18ರಲ್ಲಿ ಯುಟಿಎಫ್-8 ಡಿಫಾಲ್ಟ್ ಆದದ್ದು ಇದಕ್ಕೆ ತಾಗುವುದಿಲ್ಲ. ‘ಬಳ್ಳಾರಿ’ ಪದದಲ್ಲಿ ಯೂನಿಕೋಡ್ ಲೆಕ್ಕಕ್ಕೆ 7 ಸಂಕೇತ, ಒಂದೊಂದಕ್ಕೆ 3 ಬೈಟ್, ಒಟ್ಟು 21 ಕಸದ ಅಕ್ಷರ ಚೀಟಿಯ ಮೇಲೆ ಬೀಳುತ್ತದೆ. ಸ್ಟ್ರೀಮನ್ನು ಯುಟಿಎಫ್-8 ಹೇಳಿದ ಇನ್‌ಪುಟ್‌ಸ್ಟ್ರೀಮ್‌ರೀಡರ್‌ನಲ್ಲಿ ಸುತ್ತಿ ಕೊಟ್ಟರೆ ಸರಿಹೋಗುತ್ತದೆ. ರಿಸೋರ್ಸ್‌ಬಂಡಲ್ (ಭಾಷೆಗೊಂದರಂತೆ ಇಟ್ಟ ಪ್ರಾಪರ್ಟೀಸ್ ಫೈಲ್ ಓದುವ ಜಾವಾ ಕ್ಲಾಸ್) ಮಾತ್ರ ಜಾವಾ 9ರಿಂದ ತಾನೇ ಯುಟಿಎಫ್-8 ಓದುತ್ತದೆ, 8ರಲ್ಲಿ ಓದುವುದಿಲ್ಲ.

ಹೊರಗಿನ ಫೈಲ್ ದಾರಿ ನಾಲ್ಕರಲ್ಲಿ ಸುಲಭ, ಆದರೆ ಬರೀ ಫೈಲ್ ಹೆಸರು ಕೊಟ್ಟರೆ ಜಾವಾ ಹುಡುಕುವುದು ಪ್ರೋಗ್ರಾಂ ಯಾವ ಫೋಲ್ಡರ್‌ನಿಂದ ಶುರುವಾಯಿತೋ ಅಲ್ಲಿ. ಡೆಸ್ಕ್‌ಟಾಪ್ ಶಾರ್ಟ್‌ಕಟ್‌ನ ‘ಸ್ಟಾರ್ಟ್ ಇನ್’ ಬೇರೆ ಇದ್ದರೆ ಫೈಲ್ ಮಾಯ. ಚೀಟಿಯ ಪದಗಳನ್ನು ಹೀಗೆ ಇಡುವುದು ಬೇಡ, ಯಾರಾದರೂ ನೋಟ್‌ಪ್ಯಾಡ್‌ನಲ್ಲಿ ತೆರೆದು ಒಂದು ಸಾಲು ಅಳಿಸಿದರೆ ಮುಗಿಯಿತು. ತಾಲೂಕುಗಳ ಪಟ್ಟಿ, ಹಮಾಲಿ ದರ ಇಂಥವಕ್ಕೆ ಮಾತ್ರ ಇದೇ ಸರಿ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದಾಗ ಹೊಸಪೇಟೆ ಬಳ್ಳಾರಿ ಪಟ್ಟಿಯಿಂದ ಆಚೆ ಹೋಯಿತು. ಪಟ್ಟಿ ಜಾರ್ ಒಳಗಿದ್ದರೆ ಅಷ್ಟಕ್ಕೇ ಹೊಸ ಜಾರ್ ಕಟ್ಟಿ ಪ್ರತಿ ಮಿಲ್‌ಗೂ ಹಂಚಬೇಕು. ಹೊರಗಿದ್ದರೆ ಒಂದು ಸಾಲು ತಿದ್ದಿದರೆ ಆಯಿತು.