ಮಾರ್ಟಿನಿ: ಕಲಕುವುದೋ, ಕುಲುಕುವುದೋ, ಫ್ರೀಜರ್‌ನಲ್ಲಿಡುವುದೋ?

ಮನೆಗೆ ಆರೆಂಟು ಜನ ಬರುವ ಸಂಜೆಗೆ ಜಿನ್‌ನ ಕಾಕ್‌ಟೇಲ್ ಆದ ಮಾರ್ಟಿನಿ ಮಾಡಲು ಮೂರು ದಾರಿಗಳಿವೆ. ಐಸ್ ಜೊತೆ ಚಮಚದಲ್ಲಿ ಕಲಕಬಹುದು, ಶೇಕರ್‌ನಲ್ಲಿ ಕುಲುಕಬಹುದು, ಇಲ್ಲವೇ ಮೊದಲೇ ನೀರು ಬೆರೆಸಿದ ಬಾಟಲಿಯನ್ನು ಫ್ರೀಜರ್‌ನಲ್ಲಿ ಇಟ್ಟುಬಿಡಬಹುದು. ಒಂದೇ ಜಿನ್, ಒಂದೇ ಡ್ರೈ ವರ್ಮೂತ್ (ಗಿಡಮೂಲಿಕೆಗಳ ಘಮ ಸೇರಿಸಿದ, ಸಿಹಿ ಕಡಿಮೆ ಇರುವ ವೈನ್) ಬಳಸಿ ಮೂರನ್ನೂ ಮಾಡಿ, ಅಕ್ಕಪಕ್ಕ ಇಟ್ಟು ರುಚಿ ನೋಡಿ ಬರೆದದ್ದಿದು. ಅಳತೆ: ಒಬ್ಬರಿಗೆ 60 ಮಿ.ಲೀ. ಜಿನ್, 10 ಮಿ.ಲೀ. ವರ್ಮೂತ್.

ಮಾರ್ಟಿನಿಯಲ್ಲಿ ಕಾಣದ ಮೂರನೆಯ ಪದಾರ್ಥ ನೀರು. ಐಸ್ ಕರಗಿ ಬರುವ ಆ ನೀರು ಎಷ್ಟು ಎಂಬುದರ ಮೇಲೆಯೇ ಮೂರು ವಿಧಾನಗಳ ವ್ಯತ್ಯಾಸ ನಿಂತಿದೆ.

ಕಲಕಿದ್ದು ರುಚಿಯಲ್ಲಿ ಎಲ್ಲಕ್ಕಿಂತ ಮುಂದೆ. ಬಾರ್‌ನ ದಪ್ಪ ಗಾಜಿನ ಜಾರ್ ಬೇಕಿಲ್ಲ, ಸ್ಟೀಲ್ ಚೊಂಬು ಸಾಕು. ದಪ್ಪ ಗಾಜು ತಾನು ತಣ್ಣಗಾಗಲೆಂದೇ ಒಂದಿಷ್ಟು ಐಸ್ ಕರಗಿಸುತ್ತದೆ, ತೆಳು ಸ್ಟೀಲ್ ಹಾಗೆ ಮಾಡುವುದಿಲ್ಲ. ಚೊಂಬಿನ ಮುಕ್ಕಾಲು ಭಾಗ ಐಸ್ ತುಂಬಿ, ಉದ್ದ ಚಮಚವನ್ನು ಗೋಡೆಗೆ ತಾಗಿಸಿಕೊಂಡೇ 30 ಸೆಕೆಂಡ್ ತಿರುಗಿಸಿ, ಟೀ ಜರಡಿಯಲ್ಲಿ ಸೋಸಿ. 70 ಮಿ.ಲೀ. ಹಾಕಿದ್ದು ಸುಮಾರು 90 ಆಗಿ ಬರುತ್ತದೆ. ಕೆಡುವುದು ಐಸ್‌ನಿಂದ. ಅಂಗಡಿಯಿಂದ ತಂದ ಚೀಲದ ಐಸ್ ಮನೆ ಸೇರುವಷ್ಟರಲ್ಲಿ ಒದ್ದೆಯಾಗಿರುತ್ತದೆ, ಆ ನೀರೆಲ್ಲ ಲೋಟಕ್ಕೇ ಇಳಿಯುತ್ತದೆ. ಮೊದಲು ನೀರು ಬಸಿದು, 20 ಸೆಕೆಂಡಿಗೇ ರುಚಿ ನೋಡಿ. ಮನೆಯ ಟ್ರೇ ಐಸ್ ಆದರೆ ಮುಚ್ಚಿದ ಡಬ್ಬಿಯಲ್ಲಿಡಿ. ಮೀನಿನ, ಮಸಾಲೆಯ ವಾಸನೆಯನ್ನು ಐಸ್ ಎಳೆದುಕೊಳ್ಳುತ್ತದೆ, ಮಾರ್ಟಿನಿಯಲ್ಲಿ ಅದನ್ನು ಮರೆಮಾಚಲು ಏನೂ ಇಲ್ಲ.

ತೊಂದರೆ ಒಂದೇ: ಒಂದು ಚೊಂಬಿಗೆ ಎರಡು ಲೋಟಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ಎಂಟು ಜನಕ್ಕೆ ನಾಲ್ಕು ಸಲ ಮಾಡಬೇಕು, ಕೊನೆಯವರ ಕೈಗೆ ಬರುವಾಗ ಮೊದಲಿನವರದ್ದು ಬೆಚ್ಚಗಾಗಿರುತ್ತದೆ.

ಕುಲುಕಿದ್ದು 12 ಸೆಕೆಂಡಿನಲ್ಲಿ ಮುಗಿಯುತ್ತದೆ, ಚೆನ್ನಾಗಿ ತಣ್ಣಗೂ ಆಗುತ್ತದೆ. ಆದರೆ ನೀರು ಹೆಚ್ಚು ಸೇರುತ್ತದೆ, ಗಾಳಿಗುಳ್ಳೆಗಳಿಂದ ಪಾನೀಯ ಮಬ್ಬಾಗುತ್ತದೆ, ಐಸ್ ಚೂರುಗಳು ಮೇಲೆ ತೇಲಿ ಅಲ್ಲಿಯೂ ಕರಗುತ್ತವೆ. ನಾಲಿಗೆಯ ಮೇಲೆ ರೇಷ್ಮೆಯಂತೆ ಜಾರಬೇಕಾದದ್ದು ತೆಳುವಾಗಿಬಿಡುತ್ತದೆ. ನಿಂಬೆರಸ ಇರುವ ಕಾಕ್‌ಟೇಲ್‌ಗೆ ಶೇಕರ್ ಬೇಕು, ಇದಕ್ಕೆ ಬೇಡ.

ಅತಿಥಿಗಳು ಹೆಚ್ಚಿದ್ದರೆ ಫ್ರೀಜರ್ ಬಾಟಲಿಯೇ ಸರಿ. ಆದರೆ ವಿದೇಶಿ ಪಾಕವಿಧಾನವನ್ನು ಹಾಗೆಯೇ ನಂಬಿದರೆ ಇಲ್ಲಿ ಎಡವುತ್ತೀರಿ. ಅವುಗಳಲ್ಲಿ ಹಲವು 47% ಆಸುಪಾಸಿನ ಆಲ್ಕೋಹಾಲ್ ಇರುವ ಜಿನ್‌ಗೆ ಬರೆದವು. ನಮ್ಮಲ್ಲಿ ಸಿಗುವ ಜಿನ್‌ಗಳಲ್ಲಿ ಬಹಳಷ್ಟು 42.8%. ಮದ್ಯ ಎಷ್ಟು ಕಡಕ್ ಎಂದು ಅಳೆಯುವ ಹಳೆಯ ಬ್ರಿಟಿಷ್ ಪ್ರೂಫ್ ಲೆಕ್ಕದ 75 ಡಿಗ್ರಿ ಎಂದರೆ ಇದೇ. ಕಲಕಿದಾಗ ಸೇರುವಷ್ಟೇ ನೀರನ್ನು ಈ ಜಿನ್‌ಗೆ ಹಾಕಿದರೆ ಮಿಶ್ರಣ ಸುಮಾರು 30%ಕ್ಕೆ ಇಳಿಯುತ್ತದೆ. ಅದು ಮೈನಸ್ 15ರ ಸುತ್ತ ಹೆಪ್ಪುಗಟ್ಟಲು ಶುರುವಾಗುತ್ತದೆ, ಮನೆಯ ಫ್ರೀಜರ್ ಇರುವುದು ಮೈನಸ್ 18ರಲ್ಲಿ. ಬೆಳಗ್ಗೆ ನೋಡಿದರೆ ಬಾಟಲಿಯ ತುಂಬ ಐಸ್ ಪುಡಿ.

42.8%ಕ್ಕೆ ಹೊಂದುವ ಅಳತೆ ಇದು: 750 ಮಿ.ಲೀ. ಜಿನ್ ಬಾಟಲಿಯಿಂದ 210 ಮಿ.ಲೀ. ತೆಗೆದಿಡಿ. ಉಳಿದ 540ಕ್ಕೆ 90 ಮಿ.ಲೀ. ವರ್ಮೂತ್, 90 ಮಿ.ಲೀ. ನೀರು ಸೇರಿಸಿ. ಬೋರ್‌ವೆಲ್‌ನ ಗಡಸು ನೀರು ಬೇಡ, ಫಿಲ್ಟರ್ ನೀರು ಹಾಕಿ. ವರ್ಮೂತ್ 18%ದ್ದಾದರೆ ಒಟ್ಟು 34%ರ ಸುತ್ತ ನಿಲ್ಲುತ್ತದೆ, ರಾತ್ರಿಯಿಡೀ ಇಟ್ಟರೂ ಗಟ್ಟಿಯಾಗುವುದಿಲ್ಲ, ಎಣ್ಣೆಯಂತೆ ಮಂದವಾಗುತ್ತದೆ. ಫ್ರೀಜರ್ ಇನ್ನೂ ತಣ್ಣಗಿದ್ದು ಐಸ್ ಕಂಡರೆ ಹಾಗೆಯೇ ಸುರಿಯಬೇಡಿ. ಹೆಪ್ಪುಗಟ್ಟಿದ್ದು ಬಹುಪಾಲು ನೀರು, ಮೊದಲ ಲೋಟಗಳು ತೀರಾ ಕಡಕ್ ಆಗುತ್ತವೆ. ಕೆಳಗಿನ ಫ್ರಿಜ್‌ನಲ್ಲಿ ಸ್ವಲ್ಪ ಹೊತ್ತಿಟ್ಟು, ಐಸ್ ಕರಗಿದ ಮೇಲೆ ಬಾಟಲಿಯನ್ನು ನಾಲ್ಕೈದು ಸಲ ಮೇಲೆ ಕೆಳಗೆ ಮಾಡಿ ಸುರಿಯಿರಿ.

ಇದರಲ್ಲಿ ನೀರು ಕಡಿಮೆ ಇರುವುದರಿಂದ ಲೋಟಕ್ಕೆ 90 ಅಲ್ಲ, 80 ಮಿ.ಲೀ. ಮಾತ್ರ. ಆಗ ಆಲ್ಕೋಹಾಲ್ ಕಲಕಿದ ಒಂದು ಲೋಟದಷ್ಟೇ ಇರುತ್ತದೆ, ಒಂದು ಬಾಟಲಿಗೆ 9 ಲೋಟ ಬರುತ್ತವೆ. ಕುಡಿಯಲು ಹಗುರ ಅನ್ನಿಸಿದರೂ ಇದು ಹಗುರವಲ್ಲ, ಗಾಡಿ ಓಡಿಸುವವರಿಗೆ ಕೊಡಬೇಡಿ. ಅತಿ ತಣ್ಣಗಿರುವಾಗ ಜಿನ್‌ನ ಘಮ ಮುಚ್ಚಿಕೊಂಡಿರುತ್ತದೆ. ಸುರಿದು ಎರಡು ನಿಮಿಷ ಬಿಟ್ಟರೆ ಜಿನ್‌ಗೆ ಘಮ ಕೊಡುವ ಜೂನಿಪರ್ ಕಾಯಿಯ ವಾಸನೆ ಮೇಲೇಳುತ್ತದೆ. ಅಷ್ಟಾದರೂ ಕಲಕಿದ್ದರ ಘಮ ಒಂದು ಕೈ ಮೇಲೆಯೇ. ಹಾಗಾಗಿ ಇಬ್ಬರೇ ಇದ್ದರೆ ಚೊಂಬು, ನಾಲ್ವರನ್ನು ದಾಟಿದರೆ ಬಾಟಲಿ. ತೆಗೆದಿಟ್ಟ 210 ಮಿ.ಲೀ. ಆ ಚೊಂಬಿನ ಮೂರು ಲೋಟಕ್ಕೆ ಆಯಿತು.

ವರ್ಮೂತ್ ವೈನ್‌ನಿಂದ ಮಾಡಿದ್ದು. ತೆರೆದ ಮೇಲೆ ಶೋಕೇಸ್‌ನಲ್ಲಿಟ್ಟರೆ ಸಪ್ಪೆಯಾಗಿ ಹುಳಿ ತಿರುಗುತ್ತದೆ. ಫ್ರಿಜ್‌ನಲ್ಲಿಟ್ಟು ಒಂದು ತಿಂಗಳೊಳಗೆ ಮುಗಿಸಿ.

ಕೊನೆಯಲ್ಲಿ ಘಮಕ್ಕೆಂದು ಬಳಸುವ ಸಿಪ್ಪೆಗೆ ನಮ್ಮ ಸಣ್ಣ ಹಸಿರು ನಿಂಬೆ ಹೊಂದುವುದಿಲ್ಲ, ಕಹಿ ಮುಂದಾಗುತ್ತದೆ. ಹಳದಿ ಲೆಮನ್ ಸಿಗದಿದ್ದರೆ ಹಣ್ಣಾದ ಗಜನಿಂಬೆಯ ಮೇಲ್ಸಿಪ್ಪೆಯನ್ನು, ಬಿಳಿ ಭಾಗ ಬರದಂತೆ, ತೆಳ್ಳಗೆ ಕೆತ್ತಿ ಲೋಟದ ಮೇಲೆ ಹಿಂಡಿ.